ತಿಳಿದವರ ಮೌನ: ಕನ್ನಡ ಭಾರತಗಳಲ್ಲಿ ಕರ್ಣನ ಕುಲನಿಂದೆಯೂ ಸ್ವಾಮಿನಿಷ್ಠೆಯೂ

ಕರ್ಣನ ಪಾತ್ರವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆಯನ್ನು ಒಟ್ಟಾಗಿ ನೋಡಿದರೆ, ಅವನ ದುಃಖಕ್ಕೆ ಎರಡು ಕಾರಣಗಳನ್ನು ಹೇಳುವುದು ವಾಡಿಕೆಯಾಗಿ ಬಂದಿದೆ. ಸೂತಪುತ್ರನೆಂಬ ಕುಲನಿಂದೆ ಒಂದು. ತಾಯಿಯಿಂದಲೂ ದೇವತೆಗಳಿಂದಲೂ ಸಾರಥಿಯಿಂದಲೂ ಅವನಿಗೆ ಒದಗಿದ ವಂಚನೆ ಇನ್ನೊಂದು. ಅಧ್ಯಾಪಕರು ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿ, ಕೊನೆಗೆ ವಿಧಿ ಎಂಬ ಮಾತಿನಲ್ಲಿ ಎರಡನ್ನೂ ಕೂಡಿಸಿಬಿಡುತ್ತಾರೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ಇದೇ ಕ್ರಮ ಕಾಣಬರುತ್ತದೆ. ವಿಧಿಯೆಂದು ಹೇಳಿದೊಡನೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲವಷ್ಟೆ. ಆದರೆ ಪಂಪ, ರನ್ನ, ಕುಮಾರವ್ಯಾಸರ ಕಾವ್ಯಗಳನ್ನು ಒಂದರ ಬಳಿಕ ಒಂದರಂತೆ ಓದಿದಾಗ ಮೂಡುವ ಅಭಿಪ್ರಾಯವೇ ಬೇರೆ. ಕುಲನಿಂದೆಯೂ ವಂಚನೆಯೂ ಎರಡು ಕಾರಣಗಳಲ್ಲ. ಒಂದರ ಮೇಲೆ ಇನ್ನೊಂದು ನಿಂತಿದೆ. ಕರ್ಣನ ಹುಟ್ಟನ್ನು ತಿಳಿದಿದ್ದವರು ಬಾಯಿ ತೆರೆಯದೆ ಇದ್ದುದರಿಂದಲೇ ತಿಳಿಯದವರ ನಿಂದೆಗೆ ಬಲ ಬಂದಿತು. ಈ ಮೌನವನ್ನು ಕರ್ಣನು ತಾನೂ ತಿಳಿದುಕೊಂಡ ಮೇಲೆಯೇ ಅವನ ನಿಷ್ಠೆಯ ನಿಜವಾದ ಪರೀಕ್ಷೆ ಪ್ರಾರಂಭವಾಗುತ್ತದೆ. ಈ ಎರಡು ಮಾತುಗಳನ್ನು ಪಠ್ಯಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಒಂದು ತೊಡಕೂ ಇದೆ. ಶ್ರೀನಿವಾಸಪುರ, ಮುಳಬಾಗಿಲು ಸೀಮೆಯಿಂದ ಬರುವ ವಿದ್ಯಾರ್ಥಿಗೆ ಕರ್ಣನು ಪುಸ್ತಕದ ಮೂಲಕ ಪರಿಚಿತನಲ್ಲ. ಊರ ಜಾತ್ರೆಯಲ್ಲಿ ಇರುಳೆಲ್ಲ ನಡೆಯುವ ಕುರುಕ್ಷೇತ್ರ ನಾಟಕದಲ್ಲಿ, ಹಾರ್ಮೋನಿಯಂ ಶ್ರುತಿಯ ಮೇಲೆ, ಕನ್ನಡದ ಕಂದವೃತ್ತಗಳನ್ನೂ ತೆಲುಗಿನ ಸೀಸಪದ್ಯಗಳನ್ನೂ ಕೇಳಿ ಬೆಳೆದವನು ಅವನು. ಗಡಿಯಾಚೆಯ ತೆಲುಗು ಪದ್ಯನಾಟಕಗಳು ಈ ಭಾಗದಲ್ಲಿ ನಮ್ಮವೇ ಎನ್ನುವಷ್ಟು ಬಳಕೆಯಲ್ಲಿವೆ. ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಜನ್ಮವೃತ್ತಾಂತ ತಿಳಿಸುವ ರಂಗ ಬಂದಾಗ ನಿದ್ದೆಗಣ್ಣಿನ ಪ್ರೇಕ್ಷಕರೂ ಎದ್ದು ಕೂರುತ್ತಾರೆ. ಇದು ಅನುಕೂಲ. ತೊಡಕೆಂದರೆ, ರಂಗದ ಮೇಲಿನ ಕರ್ಣ ಹೆಚ್ಚಾಗಿ ಕಣ್ಣೀರಿನ ಕರ್ಣ, ದಾನಶೂರ ಕರ್ಣ. ಅವನ ಮೇಲೆ ನಮಗೆ ಮರುಕವುಂಟಾಗುತ್ತದೆಯೇ ಹೊರತು ಅವನ ಮಾತನ್ನು ನಾವು ವಿಚಾರಿಸಿ ನೋಡುವುದಿಲ್ಲ. ಕನ್ನಡದ ಹಳೆಯ ಕವಿಗಳು ಬರೆದಿರುವುದು ಮರುಕಕ್ಕಿಂತ ಗಟ್ಟಿಯಾದ ವಸ್ತು.

ಮೊದಲು ವ್ಯಾಸಭಾರತದ ಆದಿಪರ್ವದಲ್ಲಿ ಬರುವ ಶಸ್ತ್ರಾಭ್ಯಾಸದ ರಂಗವನ್ನು ನೆನೆಯಬೇಕು. ನಿಂದೆಯ ಬೀಜ ಅಲ್ಲಿದೆ. ಅರ್ಜುನನಿಗೆ ಸರಿಗಟ್ಟುವೆನೆಂದು ಬಂದ ಕರ್ಣನನ್ನು ಕೃಪಾಚಾರ್ಯನು ಕುಲಗೋತ್ರಗಳನ್ನು ಹೇಳೆಂದು ಕೇಳುತ್ತಾನೆ. ಕರ್ಣನಿಗೆ ಉತ್ತರ ತೋಚದು. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಅಭಿಷೇಕ ಮಾಡಿಸುತ್ತಾನೆ. ಅಷ್ಟರಲ್ಲಿ ಮುದುಕನಾದ ಅಧಿರಥನು ಬೆವರುತ್ತ, ನಡುಗುತ್ತ ಬರುತ್ತಾನೆ. ಅಭಿಷೇಕದ ನೀರಿನಿಂದ ಇನ್ನೂ ಒದ್ದೆಯಾಗಿರುವ ತಲೆಯನ್ನು ಕರ್ಣನು ಆತನ ಪಾದಕ್ಕೆ ಮುಟ್ಟಿಸುತ್ತಾನೆ. ಆಗ ಭೀಮಸೇನನು ನಕ್ಕು, ನಿನಗೆ ಬಿಲ್ಲು ಬೇಡ, ಕುಲಕ್ಕೆ ಒಪ್ಪುವ ಚಾವಟಿಯನ್ನು ಹಿಡಿ ಎನ್ನುತ್ತಾನೆ. ಇಷ್ಟನ್ನೂ ಎಲ್ಲರೂ ಬಲ್ಲರು. ಆದರೆ ಅದೇ ರಂಗದ ಇನ್ನೊಂದು ಮೂಲೆಯಲ್ಲಿ ಕುಂತಿ ಕುಳಿತಿದ್ದಾಳೆ. ಕವಚಕುಂಡಲಗಳಿಂದ ಮಗನನ್ನು ಗುರುತಿಸಿ ಮೂರ್ಛೆಹೋಗುತ್ತಾಳೆ, ವಿದುರನು ಉಪಚರಿಸಿದ ಮೇಲೆ ಎಚ್ಚರಗೊಳ್ಳುತ್ತಾಳೆ, ಆದರೆ ಮಾತಾಡುವುದಿಲ್ಲ. ಚಾವಟಿಯ ಮಾತು ಅವಳ ಒಬ್ಬ ಮಗನ ಬಾಯಿಂದ ಹೊರಟು ಅವಳ ಇನ್ನೊಬ್ಬ ಮಗನ ಎದೆಗೆ ತಗುಲಿತು. ತಡೆಯಬಲ್ಲವಳು ಅವಳೊಬ್ಬಳೇ. ಅವಳ ಭಯಕ್ಕೆ ಕಾರಣವಿತ್ತು. ಕನ್ಯೆಯಾಗಿದ್ದಾಗ ಹಡೆದವಳ ಸ್ಥಿತಿ ಆ ಸಭೆಯಲ್ಲಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಕಾರಣವಿದ್ದ ಮಾತ್ರಕ್ಕೆ ಪೆಟ್ಟು ಹಗುರವಾಗುವುದಿಲ್ಲ.

ಇಲ್ಲಿ ಪಠ್ಯಶೋಧನೆಯ ಒಂದು ಮಾತನ್ನು ಹೇಳಿ ಮುಂದುವರಿಯಬಹುದು. ಸ್ವಯಂವರದಲ್ಲಿ ದ್ರೌಪದಿಯು ಸೂತನನ್ನು ವರಿಸೆನೆಂದು ಘೋಷಿಸುವ ಪ್ರಸಂಗ ಬಹಳ ಪ್ರಸಿದ್ಧವಾದುದು. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆಯವರು 1966ರಲ್ಲಿ ಪೂರ್ಣಗೊಳಿಸಿದ ಪರಿಷ್ಕರಣದಲ್ಲಿ ಆ ಭಾಗ ಮೂಲಪಾಠದಲ್ಲಿ ಸೇರಿಲ್ಲ. ಪಾಠಾಂತರವಾಗಿ ಅಡಿಗೆ ಇಳಿದಿದೆ. ಕಥೆ ಬೆಳೆದ ಹಾಗೆಲ್ಲ ಕರ್ಣನ ಮೇಲೆ ನಿಂದೆಯ ಮಾತುಗಳೂ ಬೆಳೆದವೆಂಬುದಕ್ಕೆ ಇದೊಂದು ಸಾಕ್ಷಿ. ಹೇಳುವವರಿಗೂ ಕೇಳುವವರಿಗೂ ಆ ಗಾಯವನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಆಸೆ ಇತ್ತೆಂದು ಕಾಣುತ್ತದೆ.

ಇನ್ನು ಪಂಪನ ವಿಕ್ರಮಾರ್ಜುನವಿಜಯಕ್ಕೆ ಬರೋಣ. ಇದು ಕ್ರಿ. ಶ. 941ರ ಕೃತಿ. ವೇಮುಲವಾಡದ ಚಾಲುಕ್ಯ ಅರಿಕೇಸರಿಯು ಕವಿಯ ಆಶ್ರಯದಾತ. ಅವನೇ ಕಾವ್ಯದಲ್ಲಿ ಅರ್ಜುನನೊಡನೆ ಅಭಿನ್ನನಾಗಿದ್ದಾನೆ. ಹೀಗಿರಲು ಕರ್ಣನು ಕವಿಯ ಒಡೆಯನಿಗೇ ಹಗೆ. ಆದರೂ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯದಿದ್ದರೂ ಸರಿಯೆ, ಒಮ್ಮನದಿಂದ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕೆಂಬ ಅರ್ಥದ ಪದ್ಯವನ್ನು ಬರೆದವನು ಇದೇ ಪಂಪ. ವೈದಿಕ ಮನೆತನದಲ್ಲಿ ಬಂದು, ತಂದೆಯ ಕಾಲದಲ್ಲಿ ಜೈನಮತಕ್ಕೆ ಸೇರಿದ ಕುಟುಂಬದವನಾದ ಈ ಕವಿಗೆ, ಕುಲವೆಂಬುದು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ಬರಿಯ ಪುಸ್ತಕದ ಪ್ರಶ್ನೆಯಾಗಿರಲಾರದು. ಈ ಊಹೆಯನ್ನು ಹೆಚ್ಚು ಎಳೆಯುವುದು ಬೇಡ.

ಸಂಧಿ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಒಲಿಸಿಕೊಳ್ಳಲು ಮಾತಿಗೆ ತೊಡಗುತ್ತಾನೆ. ಭೇದೋಪಾಯಕ್ಕಾಗಿ ಹೇಳುತ್ತಿದ್ದಾನೆಂದು ತಿಳಿಯಬೇಡವೆಂಬ ಎಚ್ಚರಿಕೆಯಿಂದಲೇ ಅವನ ಮಾತು ಹೊರಡುತ್ತದೆ. ಹಾಗೆಂದು ಹೇಳುವವನು ಭೇದಕ್ಕಾಗಿಯೇ ಬಂದಿದ್ದಾನೆಂಬುದು ಕೇಳುವವನಿಗೂ ಗೊತ್ತು. ಕುಂತಿ ತಾಯಿ, ಸೂರ್ಯ ತಂದೆ, ಪಾಂಡವರು ತಮ್ಮಂದಿರು ಎಂದು ತಿಳಿಸಿದ ಮೇಲೆ, ಪಂಪನ ಕೃಷ್ಣ ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ. ಹಿಂದೊಮ್ಮೆ ಬೇಟೆಗೆ ಹೋದಾಗ ಸತ್ಯಂತಪನೆಂಬ ಮುನಿಯು ದುರ್ಯೋಧನನನ್ನು ಬಿಟ್ಟು ಕರ್ಣನಿಗೆ ಮೊದಲು ಮರ್ಯಾದೆ ತೋರಿಸಿದನಂತೆ. ದುರ್ಯೋಧನನು ಕಾರಣವನ್ನು ಕೇಳಿದಾಗ ಮುನಿಯು ಕರ್ಣನ ಹುಟ್ಟನ್ನು ತಿಳಿಸಿದನಂತೆ. ಅಂದಿನಿಂದ ದುರ್ಯೋಧನನು ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಎಣಿಕೆಯಿಂದ ಕರ್ಣನನ್ನು ಸಾಕಿಕೊಂಡು ಬಂದನಂತೆ. ಅಂದರೆ ಕುಂತಿಯ ಮೌನ ಒಂದೇ ಅಲ್ಲ. ಯಾವ ಒಡೆಯನಿಗಾಗಿ ಕರ್ಣನು ಪ್ರಾಣವನ್ನು ಮೀಸಲಿಟ್ಟಿದ್ದನೋ ಅವನೂ ತಿಳಿದೇ ಸುಮ್ಮನಿದ್ದಾನೆ. ಸಭೆಯಲ್ಲಿ ಯಾರು ಯಾರೋ ಸೂತನೆಂದು ಜರೆದಾಗ ದುರ್ಯೋಧನನು ಕರ್ಣನ ಪರವಾಗಿ ಸಿಟ್ಟಾದದ್ದುಂಟು. ನಿಂದೆಯ ಬುಡವನ್ನೇ ಕಡಿಯಬಲ್ಲ ಮಾತನ್ನು ಮಾತ್ರ ಅವನು ಆಡಲಿಲ್ಲ. ಆಡಿದ್ದರೆ ಅವನ ಸೈನ್ಯದ ಅತಿರಥನು ಪಾಂಡವರ ಅಣ್ಣನಾಗಿಬಿಡುತ್ತಿದ್ದನು.

ಈ ಸಂಗತಿ ಕೃಷ್ಣನ ಬಾಯಲ್ಲಿ ಬಂದಿರುವುದರಿಂದ ಅದನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲವೆಂಬ ಆಕ್ಷೇಪ ಏಳಬಹುದು. ಆಕ್ಷೇಪ ಸರಿಯಾದುದೇ. ಸ್ನೇಹವನ್ನು ಮುರಿಯಬೇಕೆಂದು ಬಂದವನು ಸ್ನೇಹಿತನ ಮೇಲೆ ದೋಷ ಹೊರಿಸುವುದು ಸಹಜ. ಆದರೆ ಕರ್ಣನ ಪ್ರತ್ಯುತ್ತರವನ್ನು ನೋಡಿ: ಅವನು ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಒಡೆಯ ಅಂತಹವನಲ್ಲ ಎಂದು ವಾದಿಸುವುದೂ ಇಲ್ಲ. ಅವನು ನೆನೆಯುವುದು ಬೇರೊಂದು ಸಂದರ್ಭವನ್ನು. ಭಾನುಮತಿಯೊಡನೆ ನೆತ್ತವಾಡುತ್ತಿದ್ದಾಗ, ಸೋತವಳನ್ನು ಪಣಕ್ಕಾಗಿ ಕಾಡುವ ಸಲಿಗೆಯಲ್ಲಿ ಹಾರ ಹರಿದು ಮುತ್ತುಗಳು ಚೆಲ್ಲಿದವು. ದೊರೆಯು ಅದನ್ನು ಕಂಡೂ ಸಂಶಯಪಡಲಿಲ್ಲ. ಅಂತಹ ದೊರೆಯನ್ನು ಈಗ ಬಿಟ್ಟುಬಂದರೆ ತಾನು ಕೀಳಾದವನಾಗುವೆನೆಂಬುದೇ ಅವನ ಉತ್ತರದ ತಿರುಳು. ವಂಚನೆಯ ಆರೋಪಕ್ಕೆ ಅವನು ಕೊಡುವ ಉತ್ತರ ವಿಶ್ವಾಸದ ಒಂದು ಗಳಿಗೆ. ದುರ್ಯೋಧನನು ತನ್ನನ್ನು ಮುಳ್ಳೆಂದು ಬಳಸಿದ್ದೂ ನಿಜವಿರಬಹುದು, ಮನುಷ್ಯನೆಂದು ನಂಬಿದ್ದೂ ನಿಜ. ಈ ಎರಡನ್ನೂ ಒಟ್ಟಿಗೆ ಎತ್ತಿ ಹಿಡಿಯುವ ಧೈರ್ಯ ಪಂಪನಿಗಿದೆ. ದುರ್ಯೋಧನನನ್ನು ಕೇವಲ ಸ್ವಾರ್ಥಿಯೆನ್ನುವ ವಿಮರ್ಶಕರಿಗೂ ಆದರ್ಶ ಮಿತ್ರನೆನ್ನುವ ವಿಮರ್ಶಕರಿಗೂ ಆ ಧೈರ್ಯ ಸಾಲದೆನ್ನಬೇಕು.

ಈಗ ಈ ಲೇಖನದ ಮುಖ್ಯ ಅಂಶ. ಹುಟ್ಟಿನಿಂದ ಬಂದುದನ್ನು ಕುಲವೆಂದು ಒಪ್ಪದೆ, ಛಲ, ಗುಣ, ಅಭಿಮಾನ, ಪರಾಕ್ರಮಗಳಿಗೇ ಆ ಹೆಸರನ್ನು ಕೊಡುವ ಕರ್ಣನ ಪದ್ಯ ಕನ್ನಡ ಓದಿದವರಿಗೆಲ್ಲ ಬಾಯಿಪಾಠ. ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಜಾತಿಯನ್ನು ಖಂಡಿಸುವ ಲೇಖನಗಳಲ್ಲಿ ಅದು ಸಾವಿರ ಸಲ ಬಂದಿದೆ. ಹೀಗೆ ಬರುವಾಗಲೆಲ್ಲ ಅದನ್ನು ಕೀಳು ಕುಲದವನೆಂದು ತಿಳಿದುಕೊಂಡಿದ್ದವನೊಬ್ಬನ ಕೂಗೆಂದು ಓದುವುದು ರೂಢಿ. ಆದರೆ ಕಾವ್ಯದಲ್ಲಿ ಆ ಪದ್ಯ ಎಲ್ಲಿ ನಿಂತಿದೆ? ಕೃಷ್ಣನು ಜನ್ಮವೃತ್ತಾಂತವನ್ನು ಹೇಳಿ ಹೋಗಿದ್ದಾನೆ. ಕುಂತಿಯೂ ಬಂದು ಮಗನೆಂದು ಕರೆದು ಹೋಗಿದ್ದಾಳೆ. ಅನಂತರ ಭೀಷ್ಮನಿಗೆ ಸೇನಾಪತ್ಯದ ಪಟ್ಟ ಕಟ್ಟುವ ಸಭೆ ಸೇರುತ್ತದೆ. ಮುಪ್ಪಿನವನಿಗೆ ಪಟ್ಟವೇಕೆಂದು ಕರ್ಣನು ಆಕ್ಷೇಪಿಸುತ್ತಾನೆ. ಅವನ ಮಾತು ಒರಟು ಮಾತೇ, ಸಂದೇಹವಿಲ್ಲ. ಆಗ ದ್ರೋಣನು, ನಿನ್ನ ನಾಲಗೆಯೇ ನಿನ್ನ ಕುಲವನ್ನು ಹೊರಗೆಡವುತ್ತಿದೆಯೆಂಬಂತೆ ಹಂಗಿಸುತ್ತಾನೆ. ಆ ಹಂಗಿಕೆಗೆ ಉತ್ತರವಾಗಿ ಬಂದದ್ದು ಈ ಪದ್ಯ. ಆದಕಾರಣ ಇದನ್ನು ಹೇಳುತ್ತಿರುವವನು ತಾನು ಸೂತನೆಂದು ನಂಬಿರುವ ಕರ್ಣನಲ್ಲ. ತಾನು ಸೂರ್ಯನ ಮಗ, ಕುಂತಿಯ ಚೊಚ್ಚಲ ಮಗ, ಆ ಸಭೆಯಲ್ಲಿರುವ ಯಾರಿಗೂ ಕುಲದಲ್ಲಿ ಕಡಿಮೆಯಲ್ಲದವನು ಎಂದು ತಿಳಿದಿರುವ ಕರ್ಣ.

ಇದರಿಂದ ಪದ್ಯದ ಅರ್ಥವೇ ಬದಲಾಗುತ್ತದೆ. ಒಂದೇ ವಾಕ್ಯದಲ್ಲಿ ದ್ರೋಣನ ಬಾಯಿ ಮುಚ್ಚಿಸಬಹುದಾಗಿತ್ತು. ಜೀವಮಾನವೆಲ್ಲ ಉಂಡ ಅವಮಾನಕ್ಕೆ ಮುಯ್ಯಿ ತೀರಿಸುವ ಆಯುಧ ಕೈಗೆ ಬಂದು ಇನ್ನೂ ಬಹಳ ದಿನವಾಗಿಲ್ಲ. ಕರ್ಣನು ಅದನ್ನು ಮುಟ್ಟುವುದಿಲ್ಲ. ನನ್ನ ಕುಲವೂ ದೊಡ್ಡದೇ ಎಂದು ಅವನು ಹೇಳಿದ್ದರೆ ಅವನು ದ್ರೋಣನ ನ್ಯಾಯವನ್ನೇ ಒಪ್ಪಿಕೊಂಡಂತಾಗುತ್ತಿತ್ತು. ನಿಂದೆ ತಪ್ಪಲ್ಲ, ವಿಳಾಸ ತಪ್ಪಿತಷ್ಟೆ ಎಂದಂತಾಗುತ್ತಿತ್ತು. ಅವನು ಕುಲದ ಅಳತೆಗೋಲನ್ನೇ ಮುರಿದು ಹಾಕುತ್ತಾನೆ. ಕೆಳಗಿರುವವನು ಅಳತೆಗೋಲನ್ನು ಬೇಡವೆನ್ನುವುದು ಸ್ವಾಭಾವಿಕ. ತಾನು ಮೇಲಿದ್ದೇನೆಂದು ತಿಳಿದ ಮೇಲೆಯೂ ಬೇಡವೆನ್ನುವುದು ಅಪೂರ್ವ. ಅಧಿರಥ ರಾಧೆಯರನ್ನು ಬಿಟ್ಟುಕೊಡಬಾರದೆಂಬ ಸಂಕಲ್ಪವೂ ಈ ನಿಲುವಿನ ಹಿಂದೆ ಇದೆಯೆಂದು ನನ್ನ ಭಾವನೆ. ಒದ್ದೆ ತಲೆಯನ್ನು ಮುದುಕನ ಪಾದದ ಮೇಲಿಟ್ಟವನಿಗೆ ಹೊಸ ತಂದೆಯನ್ನು ತೋರಿಸಿ ಹಳೆಯವನನ್ನು ಮರೆಸುವುದು ಕೃಷ್ಣನಿಂದಲೂ ಆಗಲಿಲ್ಲ.

ಅದೇ ಸಭೆಯಲ್ಲಿ ಭೀಷ್ಮನ ಉತ್ತರ ಬೇರೆ ಬಗೆಯದು. ನಿನಗೆ ಕಲಿತನದ ಉಬ್ಬು, ಹರೆಯದ ಸೊಕ್ಕು, ಒಡೆಯನ ನಚ್ಚು ಎಲ್ಲವೂ ಉಂಟು, ನಿನಗೂ ಸರದಿ ಬರುತ್ತದೆಯಲ್ಲವೆ ಎಂಬ ಧಾಟಿಯಲ್ಲಿ ಅವನು ಸಮಾಧಾನದಿಂದ ಮಾತಾಡುತ್ತಾನೆ, ಕುಲವನ್ನು ಎತ್ತುವುದಿಲ್ಲ. ವ್ಯಾಸನ ಭೀಷ್ಮನಾದರೋ ಕರ್ಣನನ್ನು ಅರ್ಧರಥನೆಂದು ಎಣಿಸಿದವನು, ಎಷ್ಟೋ ಸಲ ಹಳಿದವನು. ಶರಶಯ್ಯೆಯಲ್ಲಿ ಮಲಗಿದ ಮೇಲೆ ಅವನೇ ಕರ್ಣನನ್ನು ಬಳಿಗೆ ಕರೆದು, ನೀನು ಕೌಂತೇಯನೆಂಬುದನ್ನು ನಾನು ನಾರದನಿಂದ ಕೇಳಿ ಬಲ್ಲೆ, ನಿನ್ನ ತೇಜಸ್ಸನ್ನು ತಗ್ಗಿಸಲೆಂದು ಕಠೋರವಾಗಿ ನುಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಭೀಮನು ತಿಳಿಯದೆ ನಿಂದಿಸಿದನು. ಪಿತಾಮಹನು ತಿಳಿದು ಕುಗ್ಗಿಸಿದನು. ಯಾರದು ಹೆಚ್ಚಿನ ಅಪರಾಧವೆಂಬುದನ್ನು ವಾಚಕರೇ ತೂಗಿ ನೋಡಬಹುದು. ಅಲ್ಲಿಯೂ ಕರ್ಣನು ಬೇಡುವುದು ಯುದ್ಧಕ್ಕೆ ಅನುಮತಿಯನ್ನು, ಆಡಿದ ಮಾತಿಗೆ ಕ್ಷಮೆಯನ್ನು. ಮೊದಲೇ ಏಕೆ ಹೇಳಲಿಲ್ಲವೆಂದು ಅವನು ಕೇಳುವುದಿಲ್ಲ.

ಕುಮಾರವ್ಯಾಸನ ರೀತಿ ಪಂಪನದಕ್ಕಿಂತ ಭಿನ್ನ. ಉದ್ಯೋಗಪರ್ವದಲ್ಲಿ ಅವನ ಕೃಷ್ಣ ಮೈದುನತನದ ಸರಸದಿಂದ ಕರ್ಣನನ್ನು ರಥಕ್ಕೆ ಸೆಳೆದು ಸರಿಯಾಗಿ ಕೂರಿಸಿಕೊಳ್ಳುತ್ತಾನೆ. ಹೀಗೆ ಸಮನಾಗಿ ಕೂಡುವುದಕ್ಕೆ ಕರ್ಣ ಹಿಂಜರಿಯುತ್ತಾನೆ. ಅವಮಾನವನ್ನೇ ಉಂಡು ಬೆಳೆದವನಿಗೆ ಮರ್ಯಾದೆ ಬಂದಾಗ ಅದೂ ಚುಚ್ಚುತ್ತದೆಯೆಂಬುದನ್ನು ಕವಿ ಒಂದೆರಡು ಮಾತಿನಲ್ಲಿ ತೋರಿಸಿಬಿಡುತ್ತಾನೆ. ಮುಂದೆ ಕೃಷ್ಣನು ಒಡ್ಡುವ ಚಿತ್ರ ಭವ್ಯವಾದುದು: ಎಡಗಡೆ ಕೌರವರು, ಬಲಗಡೆ ಪಾಂಡವರು, ಎದುರಿಗೆ ನಾನಾ ದೇಶದ ದೊರೆಗಳು, ನಡುವೆ ಸಿಂಹಾಸನದ ಮೇಲೆ ಕರ್ಣ. ಇಂತಹ ಪದವಿಯನ್ನು ಬಿಟ್ಟು ಇನ್ನೊಬ್ಬನ ಮುಂದೆ ಹಸಾದವೆಂದು ಕೈಮುಗಿಯುವುದೇ ಎಂಬ ಚುಚ್ಚುಮಾತೂ ಜೊತೆಗಿದೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಸುರಿಯುತ್ತದೆ. ಆದರೆ ಆ ಕಣ್ಣೀರು ತನಗಾಗಿ ಅಲ್ಲವೆಂಬುದನ್ನು ಗಮನಿಸಬೇಕು. ಕೃಷ್ಣನ ಹಗೆತನ ಸುಡದೆ ಬಿಡದು, ಕೌರವನಿಗೆ ಕೇಡಾಯಿತು ಎಂದು ಅವನು ಒಡೆಯನಿಗಾಗಿ ಮರುಗುತ್ತಾನೆ. ರಹಸ್ಯವನ್ನು ಹೇಳುವುದರಿಂದಲೇ ಕೃಷ್ಣ ತನ್ನನ್ನು ಕೊಂದನೆಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆದಿದೆ. ತಮ್ಮಂದಿರೆಂದು ತಿಳಿದ ಮೇಲೆ ಬಾಣ ಮೊದಲಿನಂತೆ ಓಡೀತೆ? ಕೊನೆಗೆ ಅವನು ಹೇಳುವುದು ಇಷ್ಟು: ಕೌರವನ ಋಣ ತೀರುವಂತೆ ರಣದಲ್ಲಿ ಕಾದುವೆನು, ಒಡೆಯನ ಕಾರ್ಯಕ್ಕೆ ದೇಹವನ್ನು ಒಪ್ಪಿಸುವೆನು, ನಿನ್ನ ಐವರನ್ನು ನೋಯಿಸೆನು.

ಋಣ ಎಂಬ ಈ ಮಾತಿನಲ್ಲಿ ಕುಮಾರವ್ಯಾಸನ ಕರ್ಣನ ಜೀವವಿದೆ. ಪಂಪನ ಕರ್ಣನಿಗೆ ಮುಖ್ಯವಾದುದು ಛಲ; ಇಲ್ಲಿ ಮುಖ್ಯವಾದುದು ಋಣ. ಛಲದಲ್ಲಿ ತಾನು ಎಂಬುದಿದೆ, ಋಣದಲ್ಲಿ ಇನ್ನೊಬ್ಬನಿದ್ದಾನೆ. ಆದರೆ ಈ ಋಣವನ್ನು ಇಬ್ಬರಿಗೆ ತೀರಿಸಬೇಕಾಗಿ ಬಂದುದು ಅವನ ಸಂಕಟ. ಒಡೆಯನಿಗಾಗಿ ಯುದ್ಧ, ಹಡೆದವಳ ಮಕ್ಕಳಿಗೆ ಅಭಯ. ಕೌರವನ ಪಕ್ಷದಿಂದ ನೋಡಿದರೆ ಈ ಅಭಯವೂ ಒಂದು ಬಗೆಯ ಸ್ವಾಮಿದ್ರೋಹವೇ ಅಲ್ಲವೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವ್ಯಾಸಭಾರತದಲ್ಲಿ ಇದಕ್ಕೆ ಸಂವಾದಿಯಾದ ಒಂದು ವಿಚಿತ್ರ ಮಾತಿದೆ. ಈ ವಿಷಯವನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಕರ್ಣನೇ ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯವನ್ನು ನನಗೆ ಕೊಡುವನು, ನಾನು ಅದನ್ನು ದುರ್ಯೋಧನನಿಗೆ ಒಪ್ಪಿಸುವೆನು ಎನ್ನುತ್ತಾನೆ. ಹೀಗೆ ಮೌನದ ಕೂಟಕ್ಕೆ ಕರ್ಣನೂ ಸೇರಿದನು. ವ್ಯತ್ಯಾಸವೆಂದರೆ, ಉಳಿದವರು ತಮ್ಮ ಹಿತಕ್ಕಾಗಿ ಮೌನವಾಗಿದ್ದರು. ಇವನ ಮೌನದಿಂದ ಇವನಿಗೆ ರಾಜ್ಯವೂ ಹೋಯಿತು, ಹೆಸರೂ ಹೋಯಿತು.

ಕರ್ಣನನ್ನು ನಿರ್ದೋಷಿಯೆಂದು ಚಿತ್ರಿಸುವುದು ಸಲ್ಲದು. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಕುರಿತು ಅವನಾಡಿದ ಮಾತು ಯಾವ ಸ್ವಾಮಿಭಕ್ತಿಯಿಂದಲೂ ತೊಳೆದುಹೋಗುವಂಥದಲ್ಲ. ಅದಕ್ಕಿಂತ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟುದು ಕರ್ಣಪರ್ವದ ಜಗಳ. ಯುಧಿಷ್ಠಿರನಿಗೆ ಮೊದಲೇ ಮಾತು ಕೊಟ್ಟಿದ್ದಂತೆ ಶಲ್ಯನು ಕರ್ಣನ ಸಾರಥಿಯಾಗಿ ನಿಂತು ಅವನ ಉತ್ಸಾಹವನ್ನು ಕುಂದಿಸುತ್ತಾನೆ. ಎದುರಾಳಿಯ ಕಡೆಗೆ ಮನಸ್ಸನ್ನಿಟ್ಟು ಇವನ ಕುದುರೆಯನ್ನು ನಡೆಸುವ ಸಾರಥಿ! ಸಹನೆಗೆಟ್ಟ ಕರ್ಣನು ಶಲ್ಯನೊಬ್ಬನನ್ನು ಬೈದು ನಿಲ್ಲುವುದಿಲ್ಲ. ಮದ್ರದೇಶದವರನ್ನೆಲ್ಲ, ಬಾಹ್ಲೀಕರನ್ನೆಲ್ಲ, ಅವರ ಊಟ ಉಡುಗೆ ಹೆಂಗಸರ ನಡತೆ ಎಲ್ಲವನ್ನೂ ಹೀನಾಯವಾಗಿ ಜರೆಯುತ್ತಾನೆ. ಜೀವಮಾನವೆಲ್ಲ ಕುಲದ ಹೆಸರಿನಲ್ಲಿ ನೊಂದವನು ಕೋಪ ಬಂದೊಡನೆ ಒಂದು ನಾಡಿನ ಜನರನ್ನೇ ಆ ಹತ್ಯಾರಿನಿಂದ ಹೊಡೆಯುತ್ತಾನೆ. ವ್ಯಾಸನಿಗೆ ಮನುಷ್ಯಸ್ವಭಾವದ ಬಗೆಗೆ ಭ್ರಮೆಯಿರಲಿಲ್ಲ. ಅದೇ ಪ್ರಸಂಗದಲ್ಲಿ ಇನ್ನೊಂದು ವಿಡಂಬನೆಯೂ ಇದೆ. ಚಾವಟಿ ಹಿಡಿಯುವುದು ಸೂತನ ಕೆಲಸವೆಂದು ಭೀಮನು ನಕ್ಕಿದ್ದನಷ್ಟೆ. ಕೊನೆಯ ದಿನ ಎರಡು ರಥಗಳಲ್ಲಿಯೂ ಚಾವಟಿ ಹಿಡಿದು ಕುಳಿತವರು ಕ್ಷತ್ರಿಯರು: ಒಂದರಲ್ಲಿ ಯಾದವ ಕೃಷ್ಣ, ಇನ್ನೊಂದರಲ್ಲಿ ಮದ್ರರಾಜ ಶಲ್ಯ. ಕೃಷ್ಣನು ಹಿಡಿದರೆ ಅದು ಲೀಲೆ. ಸೂತಪುತ್ರನಿಗೆ ಸಾರಥಿಯಾಗೆಂದರೆ ಶಲ್ಯನಿಗೆ ಅದು ಅಪಮಾನ. ಕೆಲಸ ಅದೇ, ಚಾವಟಿಯೂ ಅದೇ.

ಸರ್ಪಾಸ್ತ್ರದ ಪ್ರಸಂಗವನ್ನು ಬೇಗ ಹೇಳಿ ಮುಗಿಸಬಹುದು. ಗುರಿಯನ್ನು ತಗ್ಗಿಸಿ ಎದೆಗೆ ಹೂಡೆಂದು ಕುಮಾರವ್ಯಾಸನ ಶಲ್ಯ ಹೇಳುತ್ತಾನೆ. ಒಮ್ಮೆ ತೊಟ್ಟುದನ್ನು ಮತ್ತೆ ತೊಡುವುದಿಲ್ಲವೆಂದು ಕರ್ಣ ನಿರಾಕರಿಸುತ್ತಾನೆ. ಶಲ್ಯ ರಥದಿಂದಿಳಿದು ನಡೆಯುತ್ತಾನೆ. ವಿರೋಧಿಯ ಹಿತಚಿಂತಕನಾಗಿ ಬಂದ ಸಾರಥಿಯು ಆಡಿದ ಒಂದೇ ಒಂದು ಹಿತವಚನವನ್ನು ಕರ್ಣನು ತನ್ನ ವಚನಕ್ಕಾಗಿ ಕಳೆದುಕೊಂಡನು. ನಮ್ಮ ಸೀಮೆಯ ನಾಟಕಗಳಲ್ಲಿ ಈ ರಂಗವನ್ನು ಆಡುವವರು ಇಲ್ಲಿ ತೀರ ಹೆಚ್ಚು ಹಾಡುತ್ತಾರೆ. ಮಾತು ಕಡಿಮೆಯಾದಷ್ಟೂ ಒಳ್ಳೆಯದು.

ನಿಷ್ಠಾವಂತನಾದ ಹೊರಗಿನವನು ವಂಚನೆಗೆ ಸಿಕ್ಕಿ ಹಾಳಾಗುವ ವಸ್ತುವೆಂದೊಡನೆ ಇಂಗ್ಲಿಷ್ ಓದಿದವರಿಗೆ ಷೇಕ್ಸ್‌ಪಿಯರನ ಒಥೆಲೊ ನೆನಪಿಗೆ ಬರುತ್ತಾನೆ. ಕನ್ನಡಕ್ಕೆ ಈ ನಾಟ್ಯಕಥೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಬಸವಪ್ಪಶಾಸ್ತ್ರಿಗಳು ಶೂರಸೇನ ಚರಿತ್ರೆಯೆಂಬ ಹೆಸರಿನಲ್ಲಿ ತಂದರು. ವೆನಿಸ್ ನಗರಕ್ಕೆ ಕಪ್ಪು ಬಣ್ಣದ ಮೂರ್ ದಂಡನಾಯಕನ ಕತ್ತಿ ಬೇಕು, ಅಳಿಯನಾಗಿ ಅವನು ಬೇಡ. ಅಂಗರಾಜನ ಸ್ಥಿತಿಯೂ ಇದೇ. ಆದರೆ ಒಥೆಲೊ ತನ್ನನ್ನು ಯಾರು ವಂಚಿಸಿದರೆಂಬುದನ್ನು ಅರಿಯುವುದು ಎಲ್ಲವೂ ಮುಗಿದ ಮೇಲೆ. ಇಯಾಗೊವಿನ ಮಾತನ್ನು ನಂಬಿದ್ದೇ ಅವನ ಕೇಡು. ಜನಾಂಗದ ನಿಂದೆ ಅವನ ಒಳಗೂ ಇಳಿದು, ತನ್ನಂಥವನನ್ನು ಒಬ್ಬಳು ಪ್ರೀತಿಸಿಯಾಳೆ ಎಂಬ ಶಂಕೆಯಾಗಿ ಬೆಳೆಯುತ್ತದೆ. ಅಜ್ಞಾನದ ಮೇಲೆ ಕಟ್ಟಿದ ರುದ್ರನಾಟಕ ಅದು. ಕನ್ನಡ ಕವಿಗಳ ಕರ್ಣನಾದರೋ ಯುದ್ಧಕ್ಕೆ ಮೊದಲೇ ಎಲ್ಲವನ್ನೂ ತಿಳಿದಿದ್ದಾನೆ. ಅವನನ್ನು ಕೊಲ್ಲುವುದು ಅಜ್ಞಾನವಲ್ಲ, ಅರಿವು. ಒಂದರ ಮಾನದಿಂದ ಇನ್ನೊಂದನ್ನು ಅಳೆಯುವುದು ಸರಿಯಲ್ಲವಾದರೂ, ಪಾಶ್ಚಾತ್ಯ ದುರಂತದ ಲಕ್ಷಣಗಳನ್ನು ಕರ್ಣನಿಗೆ ಹಚ್ಚುವವರು ಈ ಭೇದವನ್ನಾದರೂ ನೆನಪಿಡಬೇಕು.

ಷೇಕ್ಸ್‌ಪಿಯರನನ್ನು ಕನ್ನಡಿಸಿದ ಹಿರಿಯರಲ್ಲಿ ಇಬ್ಬರು ಈ ಜಿಲ್ಲೆಯವರೇ. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು 1936ರಲ್ಲಿ ಮ್ಯಾಕ್‌ಬೆತ್ ನಾಟಕವನ್ನು ಕೊಟ್ಟರು; ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಲಿಯರ್ ಮಹಾರಾಜನನ್ನು ಕೊಟ್ಟರು. ಮಾಸ್ತಿಯವರು 1956ರಲ್ಲಿ ಪ್ರಕಟಿಸಿದ ಚಿಕವೀರ ರಾಜೇಂದ್ರ ಕಾದಂಬರಿಯಲ್ಲಿ ಕರ್ಣನ ಕಥೆಯ ನೆರಳು ಬಿದ್ದಿದೆಯೆಂದು ಯಾರಾದರೂ ಹೇಳಿದ್ದಾರೆಯೋ ಇಲ್ಲವೋ, ನೆರಳು ಬಿದ್ದಿರುವುದಂತೂ ನಿಜ. ಕೊಡಗಿನ ಕೊನೆಯ ಅರಸನ ಮಂತ್ರಿ ಕುಂಟ ಬಸವ ಅರಮನೆಯ ನಾಯಿಗಳ ನಡುವೆ ಬೆಳೆದವನು. ಹಜಾಮನೆಂದು ಕೊಡಗಿನ ಮುಖಂಡರೂ ಉಳಿದ ಮಂತ್ರಿಗಳೂ ಅವನನ್ನು ಸರಿಸಮನಾಗಿ ಕಾಣರು. ಅವನ ದುಷ್ಟತನಗಳನ್ನು ಮಾಸ್ತಿಯವರು ಮುಚ್ಚಿಟ್ಟಿಲ್ಲ. ರಾಜನ ಕೆಟ್ಟ ಕೆಲಸಗಳಿಗೆಲ್ಲ ಕೈಯಾದವನು ಅವನೇ. ಆದರೆ ರಾಜನ ಮೇಲಿನ ಅವನ ಮೋಹದಲ್ಲಿ ಬಿರುಕಿಲ್ಲ. ಅವನ ಹುಟ್ಟಿನ ರಹಸ್ಯವೂ ಅರಮನೆಯದೇ: ಅವನು ಹಿಂದಿನ ಅರಸ ಲಿಂಗರಾಜನ ಮಗ. ತಿಳಿದವರು ಸುಮ್ಮನಿದ್ದರು, ತಿಳಿಯದವರು ಹಜಾಮನೆಂದರು. ಬಸವನಿಗೆ ಕರ್ಣನ ಔದಾರ್ಯವಿಲ್ಲ, ಅವನಂತೆ ತಿಳಿದು ಆರಿಸಿಕೊಳ್ಳುವ ಅವಕಾಶವೂ ಇಲ್ಲ. ಅವಕಾಶವಿಲ್ಲದಿರುವುದರಿಂದಲೇ ಅವನ ಕಥೆ ಹೆಚ್ಚು ಕತ್ತಲೆಯಾಗಿದೆ.

ಪಂಪನಲ್ಲಿ ಕೃಷ್ಣನ ಬಾಯಿಂದ ಬಂದ ಆರೋಪದ ಪ್ರಶ್ನೆಗೆ ಈಗ ಹಿಂದಿರುಗಬೇಕು. ದುರ್ಯೋಧನನಿಗೆ ನಿಜವಾಗಿಯೂ ಗೊತ್ತಿತ್ತೆ? ಪಂಪನು ಇದನ್ನು ತೀರ್ಮಾನಿಸದೆ ಬಿಟ್ಟನು. ತೀರ್ಮಾನಿಸಿದವನು ಅವನ ಬಳಿಕ ಬಂದ ರನ್ನ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ರನ್ನನಿಗೆ ಕುಲದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ದಾರಿ ಬಿಡಿಸಿಕೊಂಡು ಹೋಗುತ್ತಾನೆ. ದ್ರೋಣ, ಅಭಿಮನ್ಯು, ದುಶ್ಶಾಸನ, ಹೀಗೆ ಒಬ್ಬೊಬ್ಬರ ಬಳಿಯಲ್ಲಿಯೂ ನಿಲ್ಲುತ್ತಾನೆ. ಕರ್ಣನ ಬಳಿಗೆ ಬಂದಾಗ ಅವನ ಶೋಕ ಮೇರೆ ಮೀರುತ್ತದೆ. ಆ ಶೋಕದ ನಡುವೆ ಒಂದು ಪುಟ್ಟ ಕಂದಪದ್ಯದಲ್ಲಿ ಅವನು ಕರ್ಣನು ಯಾರೆಂಬುದನ್ನು ಬಲ್ಲವರ ಹೆಸರುಗಳನ್ನು ಎಣಿಸುತ್ತಾನೆ: ಕುಂತಿ ಬಲ್ಲಳು, ಕೃಷ್ಣ ಬಲ್ಲನು, ಸೂರ್ಯ ಬಲ್ಲನು, ದಿವ್ಯಜ್ಞಾನಿಯಾದ ಸಹದೇವ ಬಲ್ಲನು. ಈ ಎಣಿಕೆಯಲ್ಲಿ ಎಲ್ಲಕ್ಕೂ ಮೊದಲು ಬರುವ ಹೆಸರು ಅವನದೇ.

ಐದು ಮಂದಿ. ಒಬ್ಬಳು ತಾಯಿ, ಒಬ್ಬನು ತಂದೆ, ಒಬ್ಬನು ತಮ್ಮ, ಒಬ್ಬನು ದೇವರು, ಒಬ್ಬನು ಗೆಳೆಯ. ಮನುಷ್ಯನೊಬ್ಬನ ಪರವಾಗಿ ಮಾತಾಡುವುದಕ್ಕೆ ಇದಕ್ಕಿಂತ ಹತ್ತಿರದವರು ಇರಲಾರರು. ಉಳಿದವರಾರೂ ನಿನ್ನನ್ನು ಅರಿಯರೆಂದು ಆ ಪದ್ಯ ಮುಗಿಯುತ್ತದೆ. ಅರಿಯದವರೆಂದರೆ ಸೂತನೆಂದು ನಕ್ಕವರು, ಹಂಗಿಸಿದವರು, ಚಾವಟಿ ಹಿಡಿಯೆಂದವರು. ದುರ್ಯೋಧನನು ಇದನ್ನು ಪಶ್ಚಾತ್ತಾಪದಿಂದ ಹೇಳುತ್ತಾನೆಯೆ, ಅಥವಾ ಗೆಳೆಯನ ಕುಲೀನತೆಯನ್ನು ಈಗಲಾದರೂ ಸಾರಬೇಕೆಂದು ಹೇಳುತ್ತಾನೆಯೆ ಎಂಬುದನ್ನು ರನ್ನ ವಿವರಿಸುವುದಿಲ್ಲ. ಕರ್ಣನಿಗೆ ಅದು ಕೇಳಿಸುವಂತಿಲ್ಲ. ಕೇಳಿಸಿಕೊಂಡವನು ಸಂಜಯನೊಬ್ಬನೇ, ಅವನು ದೊರೆಯನ್ನು ಮೆಲ್ಲನೆ ಸಂತೈಸಿ ಮುಂದಕ್ಕೆ ನಡೆಸಿಕೊಂಡು ಹೋಗುತ್ತಾನೆ.